ಕಣದಲ್ಲಿ ಕರೆಯದೆ ಬಿಟ್ಟ ಹೆಸರು

ಬಯಲಾಟದ ತಾಲೀಮಿನಲ್ಲಿ ಯಾರೂ ನೆಲಕ್ಕೆ ಬೆನ್ನು ಹಚ್ಚಬಾರದು ಎಂದು ದೊಡ್ಡಪ್ಪ ಹೇಳಿದ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಅವರು ಎರಡು ಸಲ ಹೇಳಿದರು. ಎರಡು ಸಲವೂ ನಾನು ನಕ್ಕು, ಎದುರಿಗೆ ನಿಂತಿದ್ದ ಜರ್ಮನ್ ಅತಿಥಿಗೆ, "ನೆಲದಲ್ಲಿ ಧೂಳಿದೆ, ಬಟ್ಟೆ ನೋಡಿಕೊಳ್ಳಿ ಅಂತಿದ್ದಾರೆ" ಎಂದೆ. ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಗೆ ದಾಟಿಸುವುದೇ ನನ್ನ ಅನ್ನ. ಆ ಒಂದು ಮಾತನ್ನು ದಾಟಿಸಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ನನಗೆ ಬರುತ್ತಿರಲಿಲ್ಲ.

ಅವರು ನಮ್ಮ ಕಡೆ ಬಂದದ್ದು ಒಂದು ಡಿಸೆಂಬರಿನಲ್ಲಿ. ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಒಂದು ಬೆಳಿಗ್ಗೆ ಪ್ರಿನ್ಸಿಪಾಲರು ಕರೆಸಿ, "ಮೇಡಮ್ಮಾರ, ಜರ್ಮನಿಯಿಂದ ಒಬ್ರು ಬಂದಾರ. ನಾಟಕಕ್ಕ ಸಂಗೀತ ಬರೀತಾರಂತ. ನಮ್ಮ ಬಯಲಾಟ ಕೇಳಬೇಕಂತಾರ. ನಿಮ್ಮ ದೊಡ್ಡಪ್ಪಾರು ಮಾಸ್ತರು ಅದಾರಲ್ಲ, ಸ್ವಲ್ಪ ಕರಕೊಂಡು ಅಡ್ಡಾಡ್ರಿ" ಎಂದರು. ಪರೀಕ್ಷೆಯ ಪೇಪರುಗಳ ರಾಶಿ ಮುಂದಿಟ್ಟುಕೊಂಡಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಹಾಡು ಕೇಳುವುದಕ್ಕೆ ದುಭಾಷಿ ಯಾಕೆ ಬೇಕು ಎಂದು ಗೊಣಗಿಕೊಂಡೇ ಹೊರಗೆ ಬಂದೆ.

ಹೊರಗಿನ ಬೆಂಚಿನ ಮೇಲೆ ಎಪ್ಪತ್ತು ದಾಟಿದ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ ಕೂತಿದ್ದರು. ಬಡಗಿಗಳು ಸಿಕ್ಕಿಸಿಕೊಳ್ಳುವ ಹಾಗೆ ಕಿವಿಯ ಸಂದಿಯಲ್ಲಿ ಪೆನ್ಸಿಲು. ಅಷ್ಟರಲ್ಲಿ ಕಾಲೇಜಿನ ಗಂಟೆ ಬಾರಿಸಿದರು. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡು, ನಮಸ್ಕಾರವನ್ನೂ ಮಾಡದೆ ಇಂಗ್ಲಿಷಿನಲ್ಲಿ ಹೇಳಿದ ಮೊದಲ ಮಾತು ಇದು: "ನಿಮ್ಮ ಗಂಟೆ ಒಳಗೇ ಬಿರುಕು ಬಿಟ್ಟಿದೆ. ಹೊರಗೆ ಕಾಣಿಸುವುದಕ್ಕೆ ಇನ್ನೂ ಸಮಯವಿದೆ." ಎಂಥ ಅಪಶಕುನದ ಮನುಷ್ಯನಪ್ಪ ಅನ್ನಿಸಿತು. ಗಂಟೆ ಈಗಲೂ ಗಟ್ಟಿಯಾಗಿಯೇ ಇದೆ. ಒಳಗೆ ಬಿರುಕು ಬಿಟ್ಟದ್ದು ಬೇರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರನ್ನು 'ಸರ್' ಎನ್ನುತ್ತಿದ್ದೆ, ಊರವರು 'ಸಾಹೇಬ್ರು' ಎನ್ನುತ್ತಿದ್ದರು. ಹೆಸರು ಗೊತ್ತಿದ್ದವಳು ನಾನೊಬ್ಬಳೇ, ಮತ್ತು ಅದೇ ಈ ಕಥೆಯ ಕಷ್ಟ.

ಮೂರು ವಾರ ನಾವು ಬಸ್ಸಿನಲ್ಲಿ ತಿರುಗಿದೆವು. ಎಲ್ಲೆಲ್ಲಿ ಹಳೆಯ ಮಾಸ್ತರುಗಳಿದ್ದಾರೆಂದು ದೊಡ್ಡಪ್ಪ ಚೀಟಿ ಬರೆದುಕೊಟ್ಟಿದ್ದರು. ಸಾಹೇಬರಿಗೆ ಬಸ್ಸು ಓಡುತ್ತಿದ್ದರೆ ಮಾತು ಬರುತ್ತಿತ್ತು, ನಿಂತರೆ ಮಾತೂ ನಿಲ್ಲುತ್ತಿತ್ತು. ಹೀಗಾಗಿ ಕೊಟ್ಟೂರಿನಿಂದ ಹರಪನಹಳ್ಳಿ ತಲುಪುವಷ್ಟರಲ್ಲಿ ಅವರ ಬಾಲ್ಯ ಮುಗಿಯಿತು. ಹಡಗಲಿಯ ದಾರಿಯಲ್ಲಿ ಮದುವೆಯಾಯಿತು. ಹಗರಿಬೊಮ್ಮನಹಳ್ಳಿ ದಾಟಿ ಹಂಪಸಾಗರ ಇನ್ನೂ ಬರುವುದಿತ್ತು, ಅಷ್ಟರಲ್ಲಿ ಹೆಂಡತಿ ತೀರಿಕೊಂಡರು.

ಯುದ್ಧ ಮುಗಿದ ಮೇಲೆ, ಅರ್ಧ ಸುಟ್ಟುಹೋಗಿದ್ದ ಒಂದು ಸಣ್ಣ ಪಟ್ಟಣದಲ್ಲಿ ಹುಟ್ಟಿದವರು ಅವರು. ತಾಯಿ ಅಲ್ಲಿನ ರಂಗಮಂದಿರದಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದರು. ಹೊಲಿಯುವ ಕೋಣೆ ರಂಗಸ್ಥಳದ ನೇರ ಕೆಳಗೆ. ಮೇಜಿನಡಿ ಕೂತ ಮಗುವಿಗೆ ಮೇಲಿನ ಹಾಡು ಹಲಗೆ ತೂರಿ ಕೇಳಿಸುತ್ತಿತ್ತು. ಒಮ್ಮೊಮ್ಮೆ ಧೊಪ್ಪೆಂದು ಸದ್ದಾಗುತ್ತಿತ್ತು. ಆಗ ತಾಯಿ ಸೂಜಿ ನಿಲ್ಲಿಸದೆ, "ಈಗ ರಾಜ ಸತ್ತ" ಎನ್ನುತ್ತಿದ್ದರಂತೆ. "ನಾನು ನಾಟಕ ನೋಡುವುದಕ್ಕಿಂತ ಮೊದಲು ಕೇಳಿದ್ದು ಸಾವನ್ನು, ಅದೂ ಕೆಳಗಿನಿಂದ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ದೊಡ್ಡವರಾದ ಮೇಲೆ ಅದೇ ಮಂದಿರದಲ್ಲಿ ತಾಲೀಮಿಗೆ ಪಿಯಾನೊ ಬಾರಿಸುವ ಕೆಲಸ. ಆಮೇಲೆ ತಾವೇ ಒಪೆರಾ ಬರೆಯತೊಡಗಿದರು. ಒಪೆರಾ ಅಂದರೆ ಮಾತನ್ನೂ ಹಾಡಿಯೇ ಆಡುವ ನಾಟಕ, ನಮ್ಮ ಬಯಲಾಟದ ದೂರದ ದಾಯಾದಿ ಅನ್ನಬಹುದು. ದೋಣಿ ನಡೆಸುವವನೊಬ್ಬನ ಕಥೆಯ ಮೇಲೆ ಬರೆದ ಮೊದಲನೆಯದಕ್ಕೆ ಜನ ಕುರ್ಚಿ ಬಡಿದು ಎದ್ದುಹೋದರು. ಎರಡನೆಯದನ್ನು ಯಾರೂ ಆಡಲೇ ಇಲ್ಲ. ಮೂರನೆಯದು ಊರೂರು ತಿರುಗಿ ಹೆಸರು ತಂದಿತು. ಅದರಲ್ಲಿ ಹಾಡಿದವಳನ್ನೇ ಮದುವೆಯಾದರು.

ಅವರ ಕೆಲಸದ ರೀತಿ ವಿಚಿತ್ರ. ಮೊದಲು ಬರೆಯುತ್ತಿದ್ದುದು ಕೊನೆಯ ಸಾವನ್ನು. ಯಾರು, ಹೇಗೆ, ಯಾವ ಸ್ವರದಲ್ಲಿ ಸಾಯುತ್ತಾರೆ ಎಂದು ಖಚಿತವಾಗದೆ ಮೊದಲ ಅಂಕದ ಒಂದು ಗೆರೆಯನ್ನೂ ಬರೆಯಲಾರೆ ಎನ್ನುತ್ತಿದ್ದರು. ಆದರೆ ಒಂದು ವಿಷಯ ಅವರನ್ನು ಜೀವನವಿಡೀ ಕಾಡಿತ್ತು. ಅವರ ಕಡೆ ರಂಗದ ಮೇಲೆ ಸತ್ತವರು ಪರದೆ ಬಿದ್ದ ಕೂಡಲೇ ಎದ್ದುಬಂದು, ನಗುತ್ತಾ, ಜನಕ್ಕೆ ಬಾಗಿ ನಮಸ್ಕರಿಸುತ್ತಾರೆ.

"ನನ್ನ ಹೆಂಡತಿ ನನ್ನ ಸ್ವರದಲ್ಲಿ ಐದು ಸಲ ಸತ್ತಳು" ಎಂದರು, ಕಿಟಕಿಯ ಹೊರಗೆ ನೋಡುತ್ತಾ. "ಐದು ಸಲವೂ ಎದ್ದುಬಂದು ನಮಸ್ಕರಿಸಿದಳು. ಆರನೆಯದು ಆಸ್ಪತ್ರೆಯಲ್ಲಿ. ನಾನು ಎಷ್ಟೋ ಹೊತ್ತು ಕಾದೆ. ಸಾಯುವುದಕ್ಕೂ ಎದ್ದು ನಮಸ್ಕರಿಸುವುದಕ್ಕೂ ನಡುವೆ ಏನೋ ಇರಬೇಕು. ಅದನ್ನು ನಾನು ಯಾವತ್ತೂ ಬರೆದಿಲ್ಲ. ಬರೆಯಬೇಕಾದ ಕೊನೆಯ ಒಪೆರಾ ಅದೇ."

ನಾನು ಹಡಗಲಿ ಮಲ್ಲಿಗೆಯ ಪೊಟ್ಟಣವನ್ನು ಕೈಯಲ್ಲಿ ಹೊಸೆಯುತ್ತಾ ಕೂತೆ. ಸ್ವಲ್ಪ ದೂರ ಹೋದ ಮೇಲೆ ಅವರು ತಿರುಗಿ, "ನನ್ನ ಹೆಂಡತಿಯ ವಿಷಯ ನಿಮಗೆ ಹೇಳಿದ್ದೇನೆಯೇ?" ಎಂದು ಕೇಳಿದರು. ಈಗತಾನೆ ಹೇಳಿದಿರಲ್ಲ ಎಂದೆ. ಅವರು ಪೆನ್ಸಿಲು ತೆಗೆದು, ಸ್ವರ ಬರೆದುಕೊಳ್ಳುವ ಪುಸ್ತಕದ ಮೂಲೆಯಲ್ಲಿ ಒಂದು ಸಣ್ಣ ಗೆರೆ ಎಳೆದರು. ಅಂಥ ಗೆರೆಗಳು ಆ ಪುಟದಲ್ಲಿ ಆಗಲೇ ಮೂರ್ನಾಲ್ಕಿದ್ದವು. ಅವು ಏನೆಂದು ನಾನು ಕೇಳಲಿಲ್ಲ.

ದೊಡ್ಡಪ್ಪನ ಊರು ಕೂಡ್ಲಿಗಿ ತಾಲೂಕಿನಲ್ಲಿ, ಕಾನಹೊಸಹಳ್ಳಿಯಲ್ಲಿ ಇಳಿದು ಆಟೋದಲ್ಲಿ ಒಳಗೆ ಹೋಗಬೇಕು. ದೊಡ್ಡಪ್ಪ ಅಪ್ಪನ ಅಣ್ಣ. ನಲವತ್ತು ವರ್ಷಗಳಿಗೂ ಮಿಕ್ಕಿ ಬಯಲಾಟ ಕಲಿಸಿದವರು, ಹಾರ್ಮೋನಿಯಂ ಬಾರಿಸಿಕೊಂಡು ಪದ ಹಾಡುವವರು. ಸಾಹೇಬರಿಗಿಂತ ಎರಡು ವರ್ಷ ಹಿರಿಯರು. ಸಾಹೇಬರು ಮೊದಲು ತಾಲೀಮಿಗೆ ಪಿಯಾನೊ ಬಾರಿಸುತ್ತಿದ್ದರು ಎಂದು ನಾನು ಹೇಳಿದ್ದೇ ತಡ, ದೊಡ್ಡಪ್ಪನ ಮುಖ ಅರಳಿತು.

"ಅಂದ್ರ ಇವ್ರೂ ನನ್ನಂಗ ತಾಲೀಮ್ ಮಾಸ್ತರು ಅನ್ನು! ಕುಂದ್ರಿ ಸಾಹೇಬ್ರ, ಕುಂದ್ರಿ. ಈ ಪೇಟಿ ಒಳಗಿನ ಸ್ವರ ಜರ್ಮನ್ನವು. ನಮ್ಮ ಗುರುಗಳು ಹಾಕಿಸಿದ್ದು. ನಾಲಿಗಿ ನಿಮ್ಮೂರಿಂದು, ಗಾಳಿ ನಮ್ಮೂರಿಂದು!"

ಇದನ್ನು ಮಾತ್ರ ನಾನು ಚಾಚೂ ತಪ್ಪದೆ ಇಂಗ್ಲಿಷಿಗೆ ತಂದೆ. ಸಾಹೇಬರು ಹಾರ್ಮೋನಿಯಂ ಪೇಟಿಯ ಮೇಲೆ ಕೈಯಿಟ್ಟು ಒಂದೊಂದೇ ಸ್ವರ ಒತ್ತಿ ನೋಡಿದರು. ಅವತ್ತಿನಿಂದ ಇಬ್ಬರಿಗೂ ನನ್ನ ಅವಶ್ಯಕತೆ ಕಡಿಮೆಯಾಯಿತು. ಒಬ್ಬರು ಪದ ಎತ್ತಿದರೆ ಇನ್ನೊಬ್ಬರು ಗೀಚಿಕೊಳ್ಳುವರು. ನಡುವೆ ದೊಡ್ಡಮ್ಮನ ಚಹಾ. "ಚಾ ಆತೇನ್ರಿ?" ಎಂದು ಕೇಳುವುದನ್ನು ಸಾಹೇಬರು ಎರಡೇ ದಿನದಲ್ಲಿ ಕಲಿತರು, ಕಂಡಕಂಡವರನ್ನೆಲ್ಲ ಕೇಳತೊಡಗಿದರು. ಊರಿಗೆ ಊರೇ ಅವರನ್ನು ಮೆಚ್ಚಿಕೊಂಡಿತು.

ಆ ಭಾನುವಾರ ತಾಲೀಮು ಊರ ಹೊರಗಿನ ಕಣದಲ್ಲಿತ್ತು. ನವಣೆ ಒಕ್ಕಿ ಒಂದೆರಡು ದಿನವಾಗಿತ್ತಷ್ಟೆ. ಕಸಬರಿಗೆ ಆಡಿಸಿದ್ದರೂ ಸಣ್ಣ ಹೊಟ್ಟು ಎಲ್ಲ ಕಡೆ ಉಳಿದಿತ್ತು, ಅದು ಬಟ್ಟೆಗೆ ಹತ್ತಿದರೆ ತುರಿಕೆ. ಮಧ್ಯಾಹ್ನದ ಬಿಸಿಲು. ಯುದ್ಧದಲ್ಲಿ ಸಾಯುವ ರಾಜಕುಮಾರನ ಪದವನ್ನು ದೊಡ್ಡಪ್ಪ ಹಾಡುತ್ತಿದ್ದರು. ಆ ಪಾತ್ರ ಮಾಡುವ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಾತ್ರ ಸಾಯಲಿಲ್ಲ. ಕೈಕಟ್ಟಿ ನಿಂತೇ ಇದ್ದ.

"ಅವನು ಯಾಕೆ ಬೀಳುತ್ತಿಲ್ಲ?" ಎಂದರು ಸಾಹೇಬರು.

ಯಾಕೆಂದರೆ ಅದು ನಮ್ಮ ಮೇಳದ ಪದ್ಧತಿ. ಬೇರೆ ಮೇಳಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಆಟದಲ್ಲಿ ಸತ್ತವನು ತಾನಾಗಿ ಏಳುವ ಹಾಗಿಲ್ಲ. ಮಂಗಳ ಹಾಡುವ ಮೊದಲು ಅವನ ಕಡೆಯ ಹಿರಿಯರೊಬ್ಬರು ತಂಬಿಗೆಯಲ್ಲಿ ನೀರು ಹಿಡಿದು ಹೋಗಿ, ವೇಷದ ಹೆಸರಿನಿಂದಲ್ಲ, ಹೆತ್ತವರು ಇಟ್ಟ ಹೆಸರಿನಿಂದ ಮೂರು ಸಲ ಕರೆಯಬೇಕು. ಮರ್ಯಾದೆಯ ಮಾತು ನಡೆಯುವುದಿಲ್ಲ, ಹೆಸರಿಗೆ ಮುಂಚೆ 'ಲೇ' ಇರಲೇಬೇಕು. ಅವನು ಓಗೊಟ್ಟು, ನೀರು ಕುಡಿದು, ಆಮೇಲೆ ಏಳಬೇಕು. ಕರೆಯದೆ ಎದ್ದವನು ಪೂರ್ತಿ ಏಳುವುದಿಲ್ಲ, ಸ್ವಲ್ಪ ಅಲ್ಲೇ ಉಳಿಯುತ್ತಾನೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ತಾಲೀಮಿನಲ್ಲಿ ನೀರು, ತಂಬಿಗೆ, ಕರೆಯುವವರು ಯಾರೂ ಇರುವುದಿಲ್ಲವಲ್ಲ, ಅದಕ್ಕೆ ತಾಲೀಮಿನಲ್ಲಿ ಯಾರೂ ಬೀಳುವುದಿಲ್ಲ.

ಇಷ್ಟನ್ನೂ ನಾನು ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. ಅಷ್ಟು ದೂರದಿಂದ ಬಂದ ಓದಿದ ಮನುಷ್ಯನೆದುರು ನಮ್ಮ ಕಡೆಯ ಮೂಢನಂಬಿಕೆಯ ಗಂಟು ಬಿಚ್ಚುವುದೇ? "ದಣಿದಿದ್ದಾನೆ" ಎಂದುಬಿಟ್ಟೆ.

ಸಾಹೇಬರು ಪುಸ್ತಕ ಮುಚ್ಚಿಟ್ಟು ಎದ್ದರು. ಸಾಯುವವನ ಕಿವಿಗೆ ಆ ಪದ ಹೇಗೆ ಕೇಳಿಸುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಕಣದ ನಡುವೆ ಹೋಗಿ ಕೂತರು. ಆಗಲೇ ದೊಡ್ಡಪ್ಪ ನನಗೆ ಹೇಳಿದ್ದು, "ಬ್ಯಾಡಂತ ಹೇಳವ್ವಾ. ತಾಲೀಮಿನಾಗ ನೆಲಕ್ಕ ಬೆನ್ನು ಹಚ್ಚಬಾರದು." ನಾನು ಧೂಳಿನ ಮಾತು ಹೇಳಿದೆ. "ಇನ್ನೊಮ್ಮಿ ಹೇಳು." ನಾನು ಇನ್ನೊಮ್ಮೆ ಧೂಳಿನ ಮಾತು ಹೇಳಿದೆ. ಸಾಹೇಬರು ಧೂಳಿಗೆ ಹೆದರುವವರಲ್ಲ ಎಂಬಂತೆ ಕೈಬೀಸಿ, ಬೆನ್ನು ಹಚ್ಚಿ, ಕಣ್ಣು ಮುಚ್ಚಿದರು.

ಅತಿಥಿಯ ಆಸೆ. ದೊಡ್ಡಪ್ಪ ಇಲ್ಲ ಅನ್ನಲಾರದೆ ಹಾಡಿದರು. ಆ ಪದವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಅವತ್ತು ಕೇಳಿದ ಹಾಗೆ ಕೇಳಿಲ್ಲ. ಮೆಕ್ಯಾನಿಕ್ ಮುಖ ಆಚೆ ತಿರುಗಿಸಿದ. ಮದ್ದಳೆಯವರ ಕೈ ನಡುವೆ ಎಲ್ಲೋ ನಿಂತುಹೋಯಿತು. ಪದ ಮುಗಿಯಿತು, ಪೇಟಿಯ ಉಸಿರು ಇಳಿಯಿತು. ಸಾಹೇಬರು ಏಳಲಿಲ್ಲ. ಬಿಳಿಚಿದ ಮುಖದ ಮೇಲೆ ಒಂದು ನೊಣ ಬಂದು ಕೂತಿತು, ರೆಪ್ಪೆ ಅಲುಗಲಿಲ್ಲ.

ಯಾರಾದರೂ ಕರೆಯಬೇಕಿತ್ತು. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು, ಏಕೆಂದರೆ ಅಲ್ಲಿ ಅವರಿಗಿಂತ ಹಿರಿಯರು ಯಾರೂ ಇರಲಿಲ್ಲ. ದೊಡ್ಡಪ್ಪ ಪೇಟಿ ಬದಿಗಿಟ್ಟು ಹತ್ತಿರ ಹೋದರು. ಬಾಯಿ ತೆರೆದರು. ಮನೆಗೆ ಬಂದ ಅತಿಥಿಯನ್ನು, ತಲೆ ನೆರೆತ ಮನುಷ್ಯನನ್ನು, ಸಮುದ್ರ ದಾಟಿ ಬಂದವರನ್ನು 'ಲೇ' ಅನ್ನುವುದು ಹೇಗೆ? ನಮ್ಮ ನಾಲಿಗೆ ಅದಕ್ಕೆ ತಿರುಗುವುದಿಲ್ಲ. ಅವರು ಬಗ್ಗಿ, ಕೈಮುಗಿದು, "ಏಳ್ರಿ ಸಾಹೇಬ್ರ, ಚಾ ಆರಾಕ ಹತ್ತೈತಿ" ಎಂದರು.

ಸಾಹೇಬರು ಕಣ್ಣು ಬಿಟ್ಟರು. ಎದ್ದು ನಿಂತು, ಪ್ಯಾಂಟಿನ ಹಿಂಭಾಗಕ್ಕೆ ಹತ್ತಿದ ಹೊಟ್ಟನ್ನು ಕೊಡವಿಕೊಂಡರು. ಮೊದಲು ಎಡಗೈಯಿಂದ, ಆಮೇಲೆ ಬಲಗೈಯಿಂದ, ಆಮೇಲೆ ಎರಡೂ ಮೊಣಕೈ. ನಂತರ ಯಾರನ್ನೂ ನೋಡದೆ ನೇರ ಚಹಾದ ಕಡೆ ನಡೆದರು. ನಾನು ಜೋರಾಗಿ ನಕ್ಕೆ. ನಕ್ಕವಳು ನಾನೊಬ್ಬಳೇ.

ಸಂಜೆ ಬಸ್ಸಿಗೆ ಹೊರಟಾಗ ದೊಡ್ಡಪ್ಪ ನನ್ನನ್ನು ಬೇವಿನ ಮರದ ಕೆಳಗೆ ಕರೆದರು. "ಅವರ ಹೆಸರೇನವ್ವಾ? ಹೋಗೋದ್ರೊಳಗ ಒಮ್ಮಿ ಕರದುಬಿಡ್ತೀನಿ. ಬೈಕೊಂಡ್ರೂ ಬೈಕೊಳ್ಳಲಿ."

"ಅದೆಲ್ಲ ಬ್ಯಾಡ ಬಿಡ್ರಿ ದೊಡ್ಡಪ್ಪ. ಅವ್ರೇನು ವೇಷ ಹಾಕಿದ್ರಾ? ಸುಮ್ಮನ ಮಲಗಿದ್ರು. ಬಸ್ಸು ತಪ್ಪಿದ್ರ ಏನ್ ಮಾಡೋದು?"

"ಹೆಸರು ಹೇಳಾಕ ಎಷ್ಟೊತ್ತು ಬೇಕ?"

ನಾನು ಹೇಳಲಿಲ್ಲ. ಓದಿದವಳೆಂಬ ಸೊಕ್ಕು ಅದು, ಬೇರೆ ಏನೂ ಅಲ್ಲ. ಬಸ್ಸೂ ಅವತ್ತು ಅರ್ಧ ತಾಸು ತಡವಾಗಿ ಬಂತು.

ಮುಂದಿನ ಚಳಿಗಾಲ ಅವರು ಮತ್ತೆ ಬಂದರು. ಕೊಟ್ಟೂರು ಸ್ಟೇಷನ್ನಿನಲ್ಲಿ ರೈಲು ಇಳಿದವರೇ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಈಗ ಯೋಚಿಸಿದರೆ, ನಾನು ಯಾರೆಂದು ಹುಡುಕುತ್ತಿದ್ದರು ಅನ್ನಿಸುತ್ತದೆ. ಆಗ ಪ್ರೀತಿ ಅಂದುಕೊಂಡೆ. ಪುಸ್ತಕ ಬೇರೆಯದು, ಮೂಲೆಯ ಗೆರೆಗಳು ಮಾತ್ರ ಹೆಚ್ಚಾಗಿದ್ದವು. ಒಂದು ಪುಟದಲ್ಲಿ ಬರೆದ ಸ್ವರವನ್ನೇ ಮುಂದಿನ ನಾಲ್ಕು ಪುಟಗಳಲ್ಲೂ ಬರೆದಿದ್ದನ್ನು ಕಂಡೆ. ತಿದ್ದುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ದೊಡ್ಡಪ್ಪ ಅವರನ್ನು ಕಂಡ ಕೂಡಲೇ ನನ್ನ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಿದೆ.

ಆ ಸಲ ಅವರು ಪೂರ್ತಿ ಆಟ ನೋಡಿದರು. ಬೆಳಕು ಹರಿಯುವ ಹೊತ್ತಿಗೆ ರಾಜಕುಮಾರ ಬಿದ್ದ. ಮೆಕ್ಯಾನಿಕ್‌ನ ತಾಯಿ, ಸೆರಗು ಬಿಗಿದುಕೊಂಡು, ತಂಬಿಗೆ ಹಿಡಿದು ರಂಗಕ್ಕೆ ಹತ್ತಿದಳು. 'ಲೇ' ಎಂದು ಮಗನ ಹೆಸರು ಹಿಡಿದು ಕರೆದಳು. ಇನ್ನೊಮ್ಮೆ. ಮೂರನೇ ಸಲ ಅವಳ ದನಿ ಒಡೆಯಿತು. ಪ್ರತಿ ಆಟಕ್ಕೂ ಒಡೆಯುತ್ತದೆ, ಅಭ್ಯಾಸವಾಗುವುದಿಲ್ಲವಂತೆ. ಮಗ "ಓ" ಎಂದ. ನೀರು ಕುಡಿದು ಎದ್ದ. ಮಂಗಳ ಶುರುವಾಯಿತು.

ಸಾಹೇಬರು ನನ್ನ ತೋಳು ಹಿಡಿದುಕೊಂಡಿದ್ದರು. ಏನದು, ಏನದು ಎಂದು ಕೇಳಿದರು. ತಪ್ಪಿಸಿಕೊಳ್ಳುವಂತಿರಲಿಲ್ಲ. ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಕಣ್ಣಲ್ಲಿ ನೀರು ಬಂತು. "ಇದೇ. ನಡುವೆ ಇರುವುದು ಇದೇ. ಇಷ್ಟು ವರ್ಷ ನಾನು ಹುಡುಕಿದ್ದು ಇದನ್ನೇ" ಎಂದರು. ಅವರ ಸಂತೋಷ ನೋಡಿ ನನಗೂ ಹಿಗ್ಗಾಯಿತು. ಅದು ಬಹಳ ಹೊತ್ತು ಇರಲಿಲ್ಲ.

"ಹಾಗಾದರೆ ಹೋದ ಸಲ, ನಾನು ಕಣದಲ್ಲಿ ಮಲಗಿದ್ದೆನಲ್ಲ" ಎಂದರು ನಿಧಾನವಾಗಿ, "ನನ್ನನ್ನು ಯಾರು ಕರೆದರು?"

ಯಾರೂ ಕರೆಯಲಿಲ್ಲ ಎನ್ನುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಮನೆಗೆ ಬಂದವರಿಗೆ ನಿಮಗೊಂದು ಕೊರತೆ ಮಾಡಿದೆವು ಎಂದು ಮುಖದ ಮೇಲೆ ಹೇಳುವುದನ್ನು ನಮ್ಮ ಕಡೆ ಯಾರೂ ಕಲಿಸಿಲ್ಲ. ಒಲೆ ಹೊತ್ತದ ಮನೆಯಲ್ಲೂ ಈಗಷ್ಟೇ ಊಟವಾಯಿತು ಅನ್ನುವ ಜನ ನಾವು. "ದೊಡ್ಡಪ್ಪ ಕರೆದರು ಸರ್" ಎಂದೆ. "ಮೂರು ಸಲ. ನಿಮ್ಮ ಹೆಸರಿನಿಂದಲೇ."

ಅವರು ನನ್ನನ್ನೇ ನೋಡಿದರು. "ಮೂರು ಸಲ?"

"ಹೌದು ಸರ್."

"ನನಗೆ ನೆನಪಿಲ್ಲ" ಎಂದರು. ಪೆನ್ಸಿಲು ತೆಗೆದು, ಗೆರೆಯಲ್ಲ, ಒಂದು ಸಾಲು ಬರೆದುಕೊಂಡರು. ಅತ್ತ ದೊಡ್ಡಪ್ಪ ಮಂಗಳ ಹಾಡುತ್ತಿದ್ದರು. ಆಡಿದ ಮಾತನ್ನು ನುಂಗಿಕೊಳ್ಳಲು ಅದೇ ಸಮಯವಾಗಿತ್ತು. ನಾನು ನುಂಗಲಿಲ್ಲ.

ಎರಡು ದಿನ ಬಿಟ್ಟು ಅವರು ಹೊರಟುಹೋದರು. ಇನ್ನೂ ಎರಡು ವಾರ ಇರಬೇಕಾಗಿತ್ತು. ಕೆಲಸ ಬೇಗ ಮುಗಿಸಬೇಕು, ಸಮಯ ಕಡಿಮೆ ಇದೆ ಎಂದರು. ರೈಲು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಚಾ ಆತೇನ್ರಿ?" ಎಂದು ಕೇಳಿದರು. ಆಯಿತು ಎಂದು ಕೈಬೀಸಿದೆ. ರೈಲು ಅಲುಗಿತು, ಅವರು ಮತ್ತೆ ಬಗ್ಗಿ ಅದನ್ನೇ ಕೇಳಿದರು.

ಮೂರನೆಯ ಚಳಿಗಾಲ ಅವರು ಬರಲಿಲ್ಲ. ಅವರ ಮಗಳಿಂದ ಮೇಲ್ ಬಂತು. ಅಪ್ಪನಿಗೆ ಮರೆವಿನ ಕಾಯಿಲೆ, ಬಹಳ ಮುಂದುವರಿದಿದೆ, ಮನೆಯವರ ಗುರುತೂ ಒಮ್ಮೊಮ್ಮೆ ಇರುವುದಿಲ್ಲ. ಆದರೆ ಒಪೆರಾ ಮುಗಿಸಿದ್ದಾರೆ, ಅವರ ಹುಟ್ಟೂರಿನ ರಂಗಮಂದಿರದಲ್ಲೇ ತಾಲೀಮು ನಡೆದಿದೆ. ಒಂದು ಪುಟದ ಬಗ್ಗೆ ಮಾತ್ರ ನಿಮ್ಮನ್ನು ಕೇಳಬೇಕು ಎಂದು ಬರೆದು, ಆ ಪುಟದ ಫೋಟೊ ಕಳಿಸಿದ್ದಳು.

ಅದು ಕೊನೆಯ ಪುಟ. ಸ್ವರ ಕೂರಿಸುವ ಅಚ್ಚಿನ ಗೆರೆಗಳು ಇದ್ದವು, ಸ್ವರ ಒಂದೂ ಇರಲಿಲ್ಲ. ಅಡಿಯಲ್ಲಿ ಪೆನ್ಸಿಲಿನ ಒಂದು ಸಾಲು ಜರ್ಮನ್ನಿನಲ್ಲಿ. ಮಗಳು ಅದರ ಇಂಗ್ಲಿಷನ್ನು ಪಕ್ಕದಲ್ಲಿ ಕೊಟ್ಟಿದ್ದಳು: ಇಲ್ಲಿ ನನ್ನನ್ನು ಮೂರು ಸಲ ಕರೆದರು. ನನಗೆ ಕೇಳಿಸಲಿಲ್ಲ.

'ನಿರ್ದೇಶಕರು ಕೇಳುತ್ತಿದ್ದಾರೆ' ಎಂದು ಬರೆದಿದ್ದಳು. 'ಕರೆದವರು ಯಾರು? ಏನೆಂದು ಕರೆದರು? ಆ ದನಿ ಹೇಗಿತ್ತು? ಅಪ್ಪನನ್ನು ಕೇಳಿದರೆ ಅಳುತ್ತಾರೆ.'

ಸ್ಟಾಫ್ ರೂಮಿನಲ್ಲಿ ಕೂತು ಅದನ್ನು ಮತ್ತೆ ಮೊದಲಿನಿಂದ ಓದಿದೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ವರ್ಷವರ್ಷ ಮಕ್ಕಳಿಗೆ ಹೇಳುವವಳು ನಾನು. ಅವತ್ತೇ ಫೋನು ಮಾಡಿ, ಮಗಳಿಗೆ ಎಲ್ಲವನ್ನೂ ಹೇಳಿದೆ. ಧೂಳಿನ ಮಾತು, ಬೇವಿನ ಮರದ ಮಾತು, ಕೊನೆಗೆ ಸುಳ್ಳಿನ ಮಾತು.

"ಕಾಯಿಲೆ ನಿಮ್ಮಲ್ಲಿಗೆ ಬರುವ ಮೊದಲೇ ಶುರುವಾಗಿತ್ತು, ಡಾಕ್ಟರು ಹೇಳಿದ್ದಾರೆ" ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದದ್ದಕ್ಕೆ ನಾಚಿಕೆಯೂ ಆಯಿತು. ಅವಳು ಮಾತು ಮುಗಿಸಿರಲಿಲ್ಲ. "ಆದರೆ ಅಪ್ಪ ಅದುವರೆಗೆ ಹೋರಾಡುತ್ತಿದ್ದರು. ಮರೆತದ್ದಕ್ಕೆಲ್ಲ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು, ಇಷ್ಟೇ ತಾನೆ ಅನ್ನುತ್ತಿದ್ದರು. ಭಾರತದಿಂದ ಬಂದವರೇ ಗೆರೆ ಎಳೆಯುವುದನ್ನು ಬಿಟ್ಟರು. ಎಲ್ಲರೆದುರು ನನ್ನ ಹೆಸರನ್ನು ಮೂರು ಸಲ ಕರೆದಿದ್ದಾರೆ, ನನಗೆ ಕೇಳಿಸಿಲ್ಲ, ಇನ್ನು ನನ್ನನ್ನು ನಾನು ನಂಬುವ ಹಾಗಿಲ್ಲ ಅಂದರು. ಹೊರಗೆ ಹೋಗುವುದನ್ನೂ ಬಿಟ್ಟರು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಕೊನೆಯ ತಾಲೀಮು, ಅಪ್ಪನನ್ನು ಕರೆತರುತ್ತೇವೆ, ನಿಮ್ಮ ದೊಡ್ಡಪ್ಪ ಆಗಲಾದರೂ ಒಮ್ಮೆ ಕರೆಯುತ್ತಾರೆಯೇ ಎಂದು ಕೇಳಿದಳು.

ಊರಿಗೆ ಹೋಗಿ ದೊಡ್ಡಪ್ಪನ ಎದುರು ಕೂತು ಹೇಳಿದೆ. "ಡಾಕ್ಟ್ರು ಹೇಳಿದ್ದು ಖರೇನ ಇರಬೇಕು" ಎಂದರು. "ನಾವು ಕರೀಲಿಲ್ಲ ಅನ್ನೋದೂ ಖರೇನ. ಒಂದು ಖರೇದಿಂದ ಇನ್ನೊಂದು ಸುಳ್ಳಾಗಂಗಿಲ್ಲವ್ವಾ. ಈಗರ ಹೆಸರು ಹೇಳು."

ಹೇಳಿದೆ. ಆ ವಾರವಿಡೀ ಅವರು ಪೇಟಿ ಮುಂದಿಟ್ಟುಕೊಂಡು ಆ ಹೆಸರನ್ನು ಸ್ವರ ಕೂಡಿಸಿ ಕಲಿತರಂತೆ. ಒಬ್ಬ ಮನುಷ್ಯನ ಹೆಸರನ್ನು ಅಷ್ಟು ಶ್ರದ್ಧೆಯಿಂದ ಕಲಿತವರನ್ನು ನಾನು ಕಂಡಿಲ್ಲ.

ಅಲ್ಲಿ ಮಧ್ಯಾಹ್ನವಾಗಿದ್ದಾಗ ನಮ್ಮಲ್ಲಿ ಸಂಜೆ. ದೊಡ್ಡಪ್ಪನ ಪಡಸಾಲೆಯಲ್ಲಿ ನನ್ನ ಫೋನನ್ನು ಪೇಟಿಗೆ ಆನಿಸಿ ನಿಲ್ಲಿಸಿದೆವು. ಪಕ್ಕದಲ್ಲಿ ತಂಬಿಗೆ ನೀರು. ವಿಡಿಯೋದಲ್ಲಿ ಖಾಲಿ ರಂಗಮಂದಿರ, ಕೆಂಪು ಮಖಮಲ್ಲಿನ ಕುರ್ಚಿಗಳು. ಮುಂದಿನ ಸಾಲಿನಲ್ಲಿ ಸಾಹೇಬರು. ಬಹಳ ಇಳಿದುಹೋಗಿದ್ದರು. ಕಿವಿಯ ಸಂದಿಯಲ್ಲಿ ಪೆನ್ಸಿಲು ಇರಲಿಲ್ಲ. ರಂಗದ ಮೇಲೆ ಹಾಡುವವಳೊಬ್ಬಳು ಹಾಡಿ, ನೆಲಕ್ಕೆ ಬಿದ್ದಳು. ಧೊಪ್ಪೆಂಬ ಸದ್ದು ಇಲ್ಲಿಯವರೆಗೂ ಬಂತು. ಆ ಸ್ವರದೊಳಗೆ ನಮ್ಮ ಪದ ಎಲ್ಲೋ ಇತ್ತು. ದೊಡ್ಡಪ್ಪ ತಲೆದೂಗಿದರು. ಆಮೇಲೆ ವಾದ್ಯಗಳೆಲ್ಲ ನಿಂತವು. ಖಾಲಿ ಪುಟ ಬಂದಿತ್ತು.

ಮಗಳು ಫೋನನ್ನು ಅಪ್ಪನ ಮುಖದ ಹತ್ತಿರ ಹಿಡಿದಳು. ನಾನು ಮೊದಲು ಮಾತಾಡಿದೆ. "ಸರ್, ಅವತ್ತು ಯಾರೂ ನಿಮ್ಮನ್ನು ಕರೆಯಲಿಲ್ಲ. ನಾನು ಸುಳ್ಳು ಹೇಳಿದೆ. ನಿಮ್ಮ ನೆನಪು ಸರಿಯಾಗಿಯೇ ಇತ್ತು." ಅವರು ನನ್ನನ್ನು ನೋಡುತ್ತಿದ್ದರು, ಆದರೆ ಆ ನೋಟದಲ್ಲಿ ನಾನು ಇರಲಿಲ್ಲ. ಮಾತು ಗೋಡೆಗೆ ಬಡಿದು ನನ್ನ ಬಳಿಗೇ ಬಂತು.

ದೊಡ್ಡಪ್ಪ ತಂಬಿಗೆ ಕೈಗೆತ್ತಿಕೊಂಡರು. ಕಣ್ಣು ಮುಚ್ಚಿ, ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು, 'ಲೇ' ಎಂದು ಆ ಹೆಸರನ್ನು ಕೂಗಿದರು. ಒಂದಕ್ಷರ ತಪ್ಪಲಿಲ್ಲ. ಸಾಹೇಬರು ಅಲುಗಲಿಲ್ಲ. ಎರಡನೇ ಸಲ ಕೂಗಿದರು. ರಂಗದ ಮೇಲೆ ಬಿದ್ದಿದ್ದ ಹಾಡುಗಾರ್ತಿ ತಲೆಯೆತ್ತಿ ನೋಡಿದಳು. ಮೂರನೇ ಸಲ ದೊಡ್ಡಪ್ಪನ ದನಿ ಒಡೆಯಿತು, ಮೆಕ್ಯಾನಿಕ್‌ನ ತಾಯಿಯದು ಒಡೆದ ಹಾಗೆ. ಸಾಹೇಬರು ಎಲ್ಲಿ ನೋಡುತ್ತಿದ್ದರೋ ಅಲ್ಲೇ ನೋಡುತ್ತಿದ್ದರು. ಅವರ ಪಾಲಿಗೆ ಅದು ಬೇರೆ ಯಾರದೋ ಹೆಸರಾಗಿತ್ತು.

ದೊಡ್ಡಪ್ಪ ತಂಬಿಗೆ ಕೆಳಗಿಟ್ಟರು. ಟವೆಲಿನಿಂದ ಕಣ್ಣೊರೆಸಿಕೊಂಡರು. ಏನು ಮಾಡಬೇಕೆಂದು ತಿಳಿಯದೆ, ಬರೀ ಅಭ್ಯಾಸದಿಂದ, ಕೈಮುಗಿದು ಬಗ್ಗಿದರು.

"ಏಳ್ರಿ ಸಾಹೇಬ್ರ" ಎಂದರು. "ಚಾ ಆರಾಕ ಹತ್ತೈತಿ."

ಸಾಹೇಬರ ಕಣ್ಣು ಮಿಟುಕಿತು. ಎರಡೂ ಕೈ ಕುರ್ಚಿಗೆ ಊರಿ ಎದ್ದು ನಿಂತರು. ಪ್ಯಾಂಟಿನ ಹಿಂಭಾಗವನ್ನು ಕೊಡವಿಕೊಳ್ಳತೊಡಗಿದರು. ಮೊದಲು ಎಡಗೈಯಿಂದ, ಆಮೇಲೆ ಬಲಗೈಯಿಂದ, ಆಮೇಲೆ ಎರಡೂ ಮೊಣಕೈ.

"ಏನು ಕೊಡವುತ್ತಿದ್ದಾರೆ?" ಎಂದಳು ಮಗಳು. "ಅಲ್ಲಿ ಏನೂ ಇಲ್ಲವಲ್ಲ. ಅಪ್ಪನಿಗೆ ಏನು ಹತ್ತಿದೆ?"

ಈ ಸಲ ನಾನು ಧೂಳು ಅನ್ನಲಿಲ್ಲ.

"ನವಣೆ ಹೊಟ್ಟು" ಎಂದೆ. "ನಮ್ಮ ಕಣದ್ದು."